ನೂರು ಮಕ್ಕಳ ಪ್ರೌಢಶಾಲೆಗೆ ಹತ್ತು ಸಂಘ ಬೇಡ, ಮೂರು ಸಾಕು

ಹಳ್ಳಿ ಕಡೆಯ ಯಾವುದೇ ಸರ್ಕಾರಿ ಪ್ರೌಢಶಾಲೆಯ ಬೀರು ತೆಗೆದು ನೋಡಿ. ಇಕೋ ಕ್ಲಬ್, ವಿಜ್ಞಾನ ಸಂಘ, ಗಣಿತ ಸಂಘ, ಕನ್ನಡ ಸಂಘ, ಇಂಗ್ಲಿಷ್ ಕ್ಲಬ್, ಸಮಾಜ ವಿಜ್ಞಾನ ಸಂಘ, ಶಾಲಾ ಸಂಸತ್ತು, ಮತದಾರರ ಸಾಕ್ಷರತಾ ಸಂಘ, ಗ್ರಾಹಕರ ಕ್ಲಬ್, ರಸ್ತೆ ಸುರಕ್ಷತಾ ಕ್ಲಬ್ ಹೀಗೆ ಸಾಲು ಕಡತಗಳು. ಒಂದೊಂದಕ್ಕೂ ನಡಾವಳಿ ಪುಸ್ತಕ, ಅಧ್ಯಕ್ಷ, ಕಾರ್ಯದರ್ಶಿ, ಉದ್ಘಾಟನೆಯ ಫೋಟೋ. ಹೆಸರುಗಳ ಮೇಲೆ ಕಣ್ಣಾಡಿಸಿದರೆ ಎಲ್ಲದರಲ್ಲೂ ಅದೇ ಎಂಟು-ಹತ್ತು ಮಕ್ಕಳು. ಚೆನ್ನಾಗಿ ಮಾತಾಡುವವರು, ದುಂಡಗೆ ಬರೆಯುವವರು, ಸ್ವಾಗತಗೀತೆ ಹಾಡುವವರು. ಉಳಿದ ತೊಂಬತ್ತು ಮಕ್ಕಳಿಗೆ ತಾವು ಯಾವ ಸಂಘದಲ್ಲಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ.

ಇದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ. ಎಂಟು, ಒಂಬತ್ತು, ಹತ್ತು ಸೇರಿ 110 ಮಕ್ಕಳಿರುವ ಶಾಲೆಯಲ್ಲಿ ಮುಖ್ಯ ಶಿಕ್ಷಕರನ್ನು ಬಿಟ್ಟರೆ ಏಳು ಜನ ಇದ್ದಾರು: ಮೂರು ಭಾಷೆಯವರು, ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಸಮಾಜ ವಿಜ್ಞಾನದ ಕಲಾ ಶಿಕ್ಷಕರು, ಆಟ ಆಡಿಸುವ ಪಿಇ ಸರ್. ಅವರಲ್ಲೂ ಒಬ್ಬರು ತರಬೇತಿಯಲ್ಲಿರುತ್ತಾರೆ, ಇನ್ನೊಬ್ಬರು ಆನ್‌ಲೈನ್ ಮಾಹಿತಿ ತುಂಬುತ್ತಿರುತ್ತಾರೆ. ಶಾಲೆ ಬಿಟ್ಟ ಮೇಲೆ ಸಂಘ ನಡೆಸೋಣವೆಂದರೆ ಅರ್ಧ ಮಕ್ಕಳು ಪಕ್ಕದ ಹಳ್ಳಿಗಳವರು, ಅವರಿಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ಹಾಗಾಗಿ ಸಂಘ ನಡೆಯುವುದಾದರೆ ವೇಳಾಪಟ್ಟಿಯೊಳಗೇ ನಡೆಯಬೇಕು, ಶನಿವಾರದ ಕೊನೆಯ ಎರಡು ಅವಧಿಯಲ್ಲಿ. ನಲವತ್ತು ನಲವತ್ತು ಸೇರಿ ಎಂಬತ್ತು ನಿಮಿಷ. ಸಾಕು.

ವರ್ಷ ಪೂರ್ತಿ ಶನಿವಾರಗಳಿವೆ ಎಂದು ಭ್ರಮಿಸಬೇಡಿ. ಜೂನ್ ದಾಖಲಾತಿ, ಪುಸ್ತಕ, ಸಮವಸ್ತ್ರ ಹಂಚುವುದರಲ್ಲಿ ಹೋಗುತ್ತದೆ. ಫೆಬ್ರುವರಿ ಬಂದರೆ ಹತ್ತನೆಯವರು ಪೂರ್ವಸಿದ್ಧತಾ ಪರೀಕ್ಷೆಗೆ ಹೋದರು ಎಂದೇ ಲೆಕ್ಕ. ಜುಲೈಯಿಂದ ಜನವರಿಯವರೆಗೆ ಹಬ್ಬ, ದಸರಾ ರಜೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ ಕಳೆದರೆ ಕೈಗೆ ಸಿಗುವುದು ಇಪ್ಪತ್ತರ ಆಸುಪಾಸು. ಇಪ್ಪತ್ತು ಶನಿವಾರದಲ್ಲಿ ಹತ್ತು ಸಂಘ ನಡೆಸಿದರೆ ಒಂದೊಂದಕ್ಕೆ ಎರಡು ಸಭೆ. ಉದ್ಘಾಟನೆ ಒಂದು, ಸಮಾರೋಪ ಒಂದು!

ಮೂರು ಸಂಘ ಮಾಡಿ. ಕೈತೋಟದ ಇಕೋ ಕ್ಲಬ್, ಗೋಡೆ ಪತ್ರಿಕೆಯ ಸಾಹಿತ್ಯ ಸಂಘ, ಚುನಾವಣೆ ಮತ್ತು ಸಂತೆ ನಡೆಸುವ ಶಾಲಾ ಸಂಸತ್ತು. ಪ್ರತಿ ಮಗುವೂ ಒಂದರಲ್ಲಿ ಇರಲೇಬೇಕು, ಒಂದರಲ್ಲಿ ಮಾತ್ರ ಇರಬೇಕು. ಎರಡನೇ ಮಾತೇ ಮುಖ್ಯ. ಚುರುಕಿನ ಮಕ್ಕಳನ್ನು ಒಂದಕ್ಕೆ ಕಟ್ಟಿಹಾಕಿದಾಗ ಮಾತ್ರ ಉಳಿದ ಎರಡರಲ್ಲಿ ಬೇರೆಯವರಿಗೆ ಜಾಗ ಸಿಗುತ್ತದೆ. ಇನ್ನು ಉಳಿದ ಕಡತಗಳ ಗತಿ? ಒಂದು ಕೆಲಸವನ್ನು ನಿಜವಾಗಿ ಮಾಡಿದರೆ ಅದು ಎರಡು ಮೂರು ಕಡತಕ್ಕೆ ಪ್ರಾಮಾಣಿಕವಾಗಿಯೇ ಸಲ್ಲುತ್ತದೆ. ಶಾಲಾ ಚುನಾವಣೆ ಮತದಾರರ ಸಾಕ್ಷರತಾ ಸಂಘದ್ದೂ ಹೌದು. ಮಕ್ಕಳ ಸಂತೆ ಗ್ರಾಹಕರ ಕ್ಲಬ್ಬಿನದ್ದೂ ಹೌದು, ಗಣಿತ ಸಂಘದ್ದೂ ಹೌದು. ವರದಿ ಕೇಳಿದವರಿಗೆ ವರದಿ, ಮಕ್ಕಳಿಗೆ ಕೆಲಸ.

ಚುನಾವಣೆ: ಮಂತ್ರಿಗಿರಿ ಕಡಿಮೆ ಇರಲಿ

ಜುಲೈ ಎರಡನೇ ವಾರ ಸರಿಯಾದ ಹೊತ್ತು. ಅಷ್ಟರಲ್ಲಿ ಎಂಟನೇ ತರಗತಿಗೆ ಹೊಸದಾಗಿ ಬಂದವರಿಗೂ ಮುಖಪರಿಚಯ ಆಗಿರುತ್ತದೆ. ಅಧಿಸೂಚನೆ, ನಾಮಪತ್ರ, ಪರಿಶೀಲನೆ, ವಾಪಸಾತಿ, ಮೂರು ದಿನದ ಪ್ರಚಾರ, ಒಂದು ದಿನ ಬಿಡುವು, ಮತದಾನ, ಎಣಿಕೆ ಹೀಗೆ ಎಲ್ಲ ಹಂತವೂ ಇರಲಿ, ಮಕ್ಕಳಿಗೆ ಅದರಲ್ಲೇ ಸಂಭ್ರಮ. ಆದರೆ ಹತ್ತು ಮಂತ್ರಿಗಳಿಗೂ ಬೇರೆ ಬೇರೆ ಮತ ಹಾಕಿಸಲು ಹೋಗಬೇಡಿ. ಒಂದೇ ಹುದ್ದೆಗಾದರೆ ಹೆಸರು ಹುಡುಕಿ, ಬೆರಳಿಗೆ ಗುರುತು ಹಾಕಿ, ಮತ ಒತ್ತಿಸಲು ಒಬ್ಬರಿಗೆ 40 ಸೆಕೆಂಡು ಬೇಕು. 110 ಮಕ್ಕಳಿಗೆ ಒಂದೂಕಾಲು ಗಂಟೆ. ಹತ್ತು ಹುದ್ದೆ ಇಟ್ಟರೆ ಬಿಸಿಯೂಟದ ಗಂಟೆ ಹೊಡೆದರೂ ಸಾಲು ಕರಗುವುದಿಲ್ಲ. ಪ್ರಧಾನಿಗೆ ಮಾತ್ರ ನೇರ ಮತ. ತರಗತಿಗಳಿಂದ ನಾಲ್ಕು ನಾಲ್ಕು ಪ್ರತಿನಿಧಿಗಳನ್ನು ಕೈಯೆತ್ತಿಸಿ ಆರಿಸಿ, ಖಾತೆ ಹಂಚಿಕೆ ಅವರೊಳಗೇ ಆಗಲಿ.

ಫೋನಿನ ಮತಯಂತ್ರದ ಆ್ಯಪ್ ಬಳಸುವವರು ನಾಲ್ಕು ವಿಷಯ ನೋಡಿಕೊಳ್ಳಿ. ಏರೋಪ್ಲೇನ್ ಮೋಡ್ ಹಾಕದಿದ್ದರೆ ಮತದಾನದ ಮಧ್ಯೆ ಕರೆ ಬರುತ್ತದೆ. ಪರದೆ ತಾನಾಗಿ ಆರದಂತೆ ಸೆಟ್ಟಿಂಗ್ ಬದಲಿಸಬೇಕು. ಪ್ರತಿ ಮತಕ್ಕೂ ಮತಗಟ್ಟೆ ಅಧಿಕಾರಿಯೇ ಯಂತ್ರ ಬಿಡುಗಡೆ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಒಬ್ಬನೇ ನಾಲ್ಕು ಸಲ ಒತ್ತಿ ಬರುತ್ತಾನೆ. ಇನ್ನು ಪರೀಕ್ಷಾರ್ಥ ಹಾಕಿದ ಅಣಕು ಮತಗಳನ್ನು ಅಳಿಸದೆ ಶುರು ಮಾಡಿದರೆ 110 ಮತದಾರರಿಗೆ 116 ಮತ ಬಿದ್ದು ಅಭ್ಯರ್ಥಿಗಳ ಏಜೆಂಟರು ಜಗಳಕ್ಕೆ ನಿಲ್ಲುತ್ತಾರೆ. ಈ ತಲೆನೋವೇ ಬೇಡವೆಂದರೆ ಚೀಟಿ ಮತ್ತು ರಟ್ಟಿನ ಪೆಟ್ಟಿಗೆ ಈಗಲೂ ಒಳ್ಳೆಯದೇ. ಎಣಿಕೆಯನ್ನು ಎಲ್ಲರೂ ಕಣ್ಣಾರೆ ನೋಡುತ್ತಾರೆ. ಬೆರಳಿಗೆ ಮಾರ್ಕರ್ ಸಾಕು. ಅಸಲಿ ಶಾಯಿ ನಮ್ಮ ಮೈಸೂರಿನದೇ, 1937ರಲ್ಲಿ ಶುರುವಾದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆಯದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಸಮಾಜದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು.

ಆ್ಯಪ್‌ನಿಂದ ಸರಿಹೋಗದ ತೊಂದರೆ ಬೇರೆಯಿದೆ. ಮಕ್ಕಳು ಊರವಾರು ಮತ ಹಾಕುತ್ತಾರೆ. ಶಾಲೆಯಿರುವ ಊರಿನವರದು ದೊಡ್ಡ ಗುಂಪಾದರೆ ಹೊರಗಿನ ಹಳ್ಳಿಯ ಹುಡುಗಿ ಎಷ್ಟೇ ಚೆನ್ನಾಗಿ ಮಾತಾಡಲಿ, ಗೆಲ್ಲುವುದಿಲ್ಲ. ಇದನ್ನು ಪೂರ್ತಿ ತಪ್ಪಿಸಲಾಗದು, ತಗ್ಗಿಸಬಹುದು. ನಾಮಪತ್ರಕ್ಕೆ ಇಬ್ಬರು ಸೂಚಕರು ಬೇಕು, ಒಬ್ಬರು ಬೇರೆ ತರಗತಿಯವರು, ಇನ್ನೊಬ್ಬರು ಬೇರೆ ಊರಿನವರು ಎಂಬ ನಿಯಮ ಇಡಿ. ಸಹಿ ಕೇಳಲು ಹೋದಾಗಲೇ ಅರ್ಧ ಪ್ರಚಾರ ಮುಗಿದಿರುತ್ತದೆ. ಉಪಪ್ರಧಾನಿ ಒಂಬತ್ತನೇ ತರಗತಿಯವರೇ ಆಗಿರಬೇಕು, ಇಲ್ಲದಿದ್ದರೆ ಹತ್ತನೆಯವರು ಓದಿಗೆ ಕೂತ ದಿನವೇ ಸರ್ಕಾರ ಬೀಳುತ್ತದೆ.

ಗೆದ್ದವರಿಗೆ ಬ್ಯಾಡ್ಜ್ ಕೊಟ್ಟು ಗಲಾಟೆ ಮಾಡುವವರ ಹೆಸರು ಬೋರ್ಡಿನ ಮೇಲೆ ಬರೆಯಲು ಹಚ್ಚುವುದು ನನಗಂತೂ ಹಿಡಿಸದ ಪದ್ಧತಿ. ಅದು ಮಂತ್ರಿಗಿರಿಯಲ್ಲ, ಚಾಡಿಗಿರಿ. ಕೆಲಸ ಕೊಡಿ. ನೀರಿನ ಮಂತ್ರಿ ಸೋಮವಾರ ಬೆಳಿಗ್ಗೆ ಟ್ಯಾಂಕಿನ ಮಟ್ಟ ಮತ್ತು ಸೋರುವ ನಲ್ಲಿಗಳನ್ನು ಪುಸ್ತಕದಲ್ಲಿ ಬರೆಯಬೇಕು. ಆಹಾರ ಮಂತ್ರಿ ಆ ದಿನ ಎಷ್ಟು ಮಂದಿ ಉಣ್ಣುತ್ತಾರೆಂದು ಹತ್ತೂವರೆಯೊಳಗೆ ಅಡುಗೆಯವರಿಗೆ ಹೇಳಬೇಕು. ಶಾಲೆಗೆ ನಿಜವಾಗಿ ಬೇಕಿರುವುದು ಇಂಥ ಕೆಲಸ.

ಮಕ್ಕಳ ಸಂತೆ

ವರ್ಷಕ್ಕೊಂದೇ ಸಾಮೂಹಿಕ ಕಾರ್ಯಕ್ರಮ ಮಾಡಲು ಶಕ್ತಿಯಿದೆ ಎಂದರೆ ಸಂತೆಯನ್ನೇ ಮಾಡಿ. ವಾರ್ಷಿಕೋತ್ಸವದಲ್ಲಿ ಇಪ್ಪತ್ತು ಮಕ್ಕಳು ಕುಣಿಯುತ್ತಾರೆ, ಉಳಿದವರು ನೋಡುತ್ತಾರೆ. ಸಂತೆಯಲ್ಲಿ ಕೈಕಟ್ಟಿ ನಿಲ್ಲುವವರೇ ಇರುವುದಿಲ್ಲ. ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರ ಹಿಡಿಯಿರಿ. ಮಳೆ ನಿಂತಿರುತ್ತದೆ, ಅವರೆ ಶುರುವಾಗಿರುತ್ತದೆ, ಸೊಪ್ಪು ಹೇರಳ. ಊರಿನ ವಾರದ ಸಂತೆಯ ದಿನ ಮಾತ್ರ ಬೇಡ. ಅಂದು ಜನ ಅಲ್ಲಿಗೆ ಹೋಗುತ್ತಾರೆ, ವ್ಯಾಪಾರಿಗಳಿಗೂ ಬೇಸರ. ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಇಟ್ಟರೆ ಅಜ್ಜಿಯರೂ ಬರುತ್ತಾರೆ, ಕೂಲಿಗೆ ಹೊರಟವರೂ ಹಾದುಹೋಗುತ್ತಾರೆ.

ಮೂರು ಮೂರು ಮಕ್ಕಳು ಸೇರಿ ಒಂದು ಅಂಗಡಿ. ಹತ್ತನೆಯವರನ್ನೂ ಸೇರಿಸಿದರೆ 35 ಅಂಗಡಿಯಾದಾವು. ಬಂಡವಾಳಕ್ಕೆ ಅಂಗಡಿಗೆ 450 ರೂಪಾಯಿ ಗರಿಷ್ಠ ಮಿತಿ ಹಾಕಿ. ಮಿತಿಯಿಲ್ಲದಿದ್ದರೆ ಕಿರಾಣಿ ಅಂಗಡಿಯವರ ಮಗ ಅಪ್ಪನ ಅಂಗಡಿಯನ್ನೇ ತಂದು ಸುರಿಯುತ್ತಾನೆ, ಪಕ್ಕದಲ್ಲಿ ಎರಡು ಕಟ್ಟು ಕರಿಬೇವು ಇಟ್ಟುಕೊಂಡ ಹುಡುಗಿ ಮುದುಡಿ ಕೂರುತ್ತಾಳೆ. ಹದಿನೈದು ದಿನ ಮುಂಚೆಯೇ ಯಾರು ಏನು ಮಾರುತ್ತಾರೆ ಎಂದು ನೋಂದಣಿ ಮಾಡಿಸಿ. ಅದಿಲ್ಲದೆ ಬಿಟ್ಟರೆ ಹನ್ನೆರಡು ಅಂಗಡಿ ಚುರುಮುರಿ, ಎಂಟು ಅಂಗಡಿ ನಿಂಬೆ ಪಾನಕ. ತಿಂಡಿಗೆ ಒಟ್ಟು ಹತ್ತು ಅಂಗಡಿ, ಒಂದೇ ತಿಂಡಿಗೆ ಎರಡಕ್ಕಿಂತ ಹೆಚ್ಚಿಲ್ಲ. ಉಳಿದದ್ದು ಸೊಪ್ಪು, ತರಕಾರಿ, ತೆಂಗಿನಕಾಯಿ, ಹುಣಸೆ, ಕಡಲೆಕಾಯಿ, ಬಳೆ-ಪಿನ್ನು, ಹಳೇ ಪುಸ್ತಕ, ಸಸಿ.

ಲಾಭದ ಲೆಕ್ಕವನ್ನು ಸಂತೆಗೆ ಮುಂಚೆಯೇ ಕಾಗದದ ಮೇಲೆ ಮಾಡಿಸಬೇಕು. ಚುರುಮುರಿಯನ್ನೇ ತೆಗೆದುಕೊಳ್ಳಿ. 50 ಪೊಟ್ಟಣಕ್ಕೆ, ಪೊಟ್ಟಣಕ್ಕೆ 30 ಗ್ರಾಂನಂತೆ, ಒಂದೂವರೆ ಕೆಜಿ ಮಂಡಕ್ಕಿ. ಈರುಳ್ಳಿ ಒಂದೂವರೆ ಕೆಜಿ, ಟೊಮೆಟೊ ಒಂದು ಕೆಜಿ, ಕ್ಯಾರೆಟ್ ಒಂದು ಕೆಜಿ, ಕಡಲೆಬೀಜ ಅರ್ಧ ಕೆಜಿ, ಕೊತ್ತಂಬರಿ ಮೂರು ಕಟ್ಟು, ನಿಂಬೆಹಣ್ಣು ಹತ್ತು, ಎಣ್ಣೆ ನೂರು ಎಂಎಲ್. ಉಪ್ಪು, ಖಾರದಪುಡಿ ಮನೆಯದು. ಮಂಡಕ್ಕಿಗೆ 120, ಈರುಳ್ಳಿಗೆ 60, ಟೊಮೆಟೊಗೆ 30, ಕ್ಯಾರೆಟ್‌ಗೆ 60, ಕಡಲೆಬೀಜಕ್ಕೆ 70, ಕೊತ್ತಂಬರಿಗೆ 30, ನಿಂಬೆಗೆ 40, ಎಣ್ಣೆಗೆ 15 ಎಂದಿಟ್ಟುಕೊಂಡರೆ 425 ರೂಪಾಯಿ. ಪೊಟ್ಟಣಕ್ಕೆ ಹತ್ತರಂತೆ ಐವತ್ತೂ ಹೋದರೆ 500. ಅಂದರೆ 42 ಪೊಟ್ಟಣ ಮಾರುವವರೆಗೂ ಬಂಡವಾಳವೇ ವಾಪಸಾಗಿಲ್ಲ, ಲಾಭದ ಮುಖ ಕಾಣುವುದು 43ನೆಯದರಲ್ಲಿ. ಗೆಳೆಯರಿಗೆ ಎಂಟು ಪೊಟ್ಟಣ ಬಿಟ್ಟಿ ಕೊಟ್ಟರೆ ಮುಗಿಯಿತು ಕತೆ. ದರಗಳನ್ನು ನಿಮ್ಮೂರಿನವೇ ಹಾಕಿಸಿ. ಮಕ್ಕಳೇ ಅಂಗಡಿಗೆ ಹೋಗಿ ಕೇಳಿ ಬರಬೇಕು.

ಚುರುಮುರಿಯ ಅಂಗಡಿ ಕೆಡುವುದು ಬಹುಪಾಲು ಆತುರದಿಂದ. ಬೆಳಿಗ್ಗೆಯೇ ದೊಡ್ಡ ಬೇಸನ್ನಿನಲ್ಲಿ ಎಲ್ಲ ಕಲಸಿಟ್ಟರೆ ಅರ್ಧ ಗಂಟೆಯಲ್ಲಿ ಮಂಡಕ್ಕಿ ಮೆತ್ತಗಾಗಿ ಮುದ್ದೆ. ಹೆಚ್ಚಿದ ಈರುಳ್ಳಿ-ಟೊಮೆಟೊಗೆ ಮೊದಲೇ ಉಪ್ಪು ಹಾಕಿದರೆ ನೀರು ಬಿಡುತ್ತದೆ. ಎಲ್ಲವನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಗಿರಾಕಿ ಎದುರಿಗೆ ನಿಂತ ಮೇಲೆ ಎರಡೆರಡು ಪೊಟ್ಟಣದಷ್ಟೇ ಕಲಸಬೇಕು. ಒಬ್ಬರು ಕಲಸುವವರು, ಒಬ್ಬರು ಪೊಟ್ಟಣ ಕಟ್ಟುವವರು, ದುಡ್ಡು ಮುಟ್ಟುವವರು ಮೂರನೆಯವರು. ದುಡ್ಡು ಮುಟ್ಟಿದ ಕೈ ಬೇಸನ್ನಿಗೆ ಹೋಗಬಾರದು. ಮಿರ್ಚಿ ಭಜ್ಜಿ ಮಾಡುತ್ತೇವೆ ಎಂದು ಹಟ ಹಿಡಿಯುವ ತಂಡ ಪ್ರತಿ ವರ್ಷ ಇರುತ್ತದೆ. ಕುದಿಯುವ ಎಣ್ಣೆಯ ಮುಂದೆ ದೊಡ್ಡವರೊಬ್ಬರು ಮೂರು ಗಂಟೆ ಕದಲದೆ ನಿಲ್ಲುವುದಾದರೆ ಸರಿ, ಇಲ್ಲದಿದ್ದರೆ ಖಡಾಖಂಡಿತ ಬೇಡ.

ಮಜ್ಜಿಗೆ ಸುಲಭ. ಐದು ಲೀಟರ್ ಮೊಸರಿಗೆ ಹತ್ತು ಲೀಟರ್ ನೀರು, 150 ಎಂಎಲ್ ಲೋಟದಲ್ಲಿ ನೂರು ಲೋಟ. ಹನ್ನೆರಡೂವರೆ ದಾಟಿದರೆ ಹುಳಿ ಏರುತ್ತದೆ. ಸ್ಟೀಲ್ ಲೋಟ ಇಪ್ಪತ್ತು, ತೊಳೆಯಲು ಎರಡು ಬಕೆಟ್. ಪ್ಲಾಸ್ಟಿಕ್ ಲೋಟ ತಂದರೆ ಸಂತೆ ಮುಗಿದ ಮೇಲೆ ಮೈದಾನ ಗುಡಿಸುವವರು ಯಾರು ಎಂದು ಮೊದಲೇ ಕೇಳಿ.

ಎಲ್ಲ ಸಂತೆಗಳೂ ಮುಗ್ಗರಿಸುವ ಜಾಗ ಚಿಲ್ಲರೆ. ಮೊದಲ ಗಿರಾಕಿಯೇ ಐನೂರರ ನೋಟು ಹಿಡಿದು ಬರುತ್ತಾರೆ. ಸಂಸತ್ತಿನ ಹಣಕಾಸು ಮಂತ್ರಿಯ ಮೇಜನ್ನು ಮೈದಾನದ ನಡುವೆ ಹಾಕಿ, ಹಿಂದಿನ ದಿನವೇ 2000 ರೂಪಾಯಿಯ ಚಿಲ್ಲರೆ ತಂದಿಡಿ. ಹತ್ತರ ನೋಟು ನೂರು, ಇಪ್ಪತ್ತರದು 25, ಐದರ ನಾಣ್ಯ ನೂರು. ಹತ್ತು ರೂಪಾಯಿ ನಾಣ್ಯ ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ಹಳ್ಳಿಯಲ್ಲಿ ಅದನ್ನು ಮುಟ್ಟದವರಿದ್ದಾರೆ. ಮಕ್ಕಳ ಸಂತೆಯಲ್ಲಂತೂ ಅದು ನಡೆಯುತ್ತದೆ ಎಂದು ಬೋರ್ಡು ಹಾಕಿ, ಅದೂ ಒಂದು ಪಾಠ. ಫೋನ್‌ಪೇ ಕೇಳುವವರಿಗೆ ಅಂಗಡಿಗೊಂದು ಅಪ್ಪನ ಕ್ಯೂಆರ್ ಅಂಟಿಸುವುದು ಬೇಡ. ದುಡ್ಡು ಬಂತೋ ಇಲ್ಲವೋ ಎಂದು ನೋಡಲು ಅಪ್ಪ ಅಲ್ಲಿರುವುದಿಲ್ಲ. ಇದೇ ಮೇಜಿನಲ್ಲಿ ಒಬ್ಬ ಶಿಕ್ಷಕರ ಒಂದೇ ಕ್ಯೂಆರ್ ಇರಲಿ, ಕಳಿಸಿದವರಿಗೆ ಅಷ್ಟೇ ಮೊತ್ತದ ನಗದು ಕೊಟ್ಟು ಅಂಗಡಿಗೆ ಕಳಿಸಿ.

ತಕ್ಕಡಿ 35 ಎಲ್ಲಿಂದ ತರುವುದು? ಬೇಡವೇ ಬೇಡ. ಸೊಪ್ಪು ಕಟ್ಟಿನಲ್ಲಿ, ಬದನೆ-ಟೊಮೆಟೊ ಗುಡ್ಡೆ ಲೆಕ್ಕದಲ್ಲಿ, ಕಾಯಿ ಎಣಿಕೆಯಲ್ಲಿ. ತೂಗಲೇಬೇಕಾದ ಕಡಲೆಕಾಯಿ, ಹುಣಸೆಗೆ ಅಂಗಡಿಯಿಂದ ಎರಡು ತಕ್ಕಡಿ ಕೇಳಿ ತಂದರೆ ಸಾಕು. ಪ್ರಯೋಗಾಲಯದ ತಕ್ಕಡಿ ಮಾತ್ರ ಹೊರಗೆ ತರಬೇಡಿ, ಧೂಳು ಹೊಕ್ಕರೆ ಆಮೇಲೆ ಅದು ಪ್ರಯೋಗಕ್ಕೂ ಇಲ್ಲ, ವ್ಯಾಪಾರಕ್ಕೂ ಇಲ್ಲ.

ಚೌಕಾಸಿಯನ್ನು ಕಲಿಸಬೇಕಿಲ್ಲ, ಅದು ಎದುರಿಗೇ ಬಂದು ಕೂರುತ್ತದೆ.

"ಏನ್ ಮಗಾ, ಮೆಂತ್ಯ ಕಟ್ಟಿಗೆ ಹತ್ತಾ? ಸಂತೇಲಿ ಐದಕ್ಕೇ ಕೊಡ್ತಾರೆ."

"ಅಜ್ಜಿ, ಕಟ್ಟು ನೋಡಿ ಎಷ್ಟ್ ದಪ್ಪ ಐತೆ. ಎರಡು ತಗೊಂಡ್ರೆ ಹದಿನೈದು ಮಾಡ್ಕೊಡ್ತೀನಿ."

"ಮೂರು ಕೊಡು, ಇಪ್ಪತ್ತು."

ಇಲ್ಲಿ ಹುಡುಗ ತಲೆ ತುರಿಸಿಕೊಂಡು ಪಕ್ಕದವಳ ಮುಖ ನೋಡುತ್ತಾನೆ. ಸರ್ ಹತ್ತಿರ ಓಡಿ ಬಂದರೆ "ನಿನ್ನ ಅಂಗಡಿ, ನಿನ್ನ ಲೆಕ್ಕ" ಎಂದು ವಾಪಸ್ ಕಳಿಸಿ. ಶಿಕ್ಷಕರು ಬೆಲೆ ಕಟ್ಟಲು ನಿಂತರೆ ಸಂತೆ ಸತ್ತಂತೆ. ಕರುಣೆಯಿಂದ ಹತ್ತರ ಸೊಪ್ಪಿಗೆ ಐವತ್ತು ಕೊಟ್ಟು ಹೋಗುವ ಅತಿಥಿಗಳಿಂದಲೂ ಅಷ್ಟೇ ನಷ್ಟ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೂ ಮುಂಚೆಯೇ ಹೇಳಿಡಿ: ಬನ್ನಿ, ಚೌಕಾಸಿ ಮಾಡಿ, ನ್ಯಾಯವಾದ ಬೆಲೆ ಕೊಡಿ.

ಮುಗಿದ ಮೇಲೆ ಅಂಗಡಿಗೆ ಹತ್ತು ರೂಪಾಯಿ ಸುಂಕ, ಸಂಸತ್ತಿನ ಚೀಟಿ ಹರಿದು ಕೊಟ್ಟು ವಸೂಲಿ. ನಿಜವಾದ ಸಂತೆಯಲ್ಲೂ ಸುಂಕ ಇದೆಯಲ್ಲ. ಬಂಡವಾಳ ಮತ್ತು ಲಾಭ ಮಕ್ಕಳದೇ, ಶಾಲೆ ಅದಕ್ಕೆ ಕೈ ಹಾಕಬಾರದು. ಸೋಮವಾರ ಗಣಿತದ ಅವಧಿಯಲ್ಲಿ ಬಂಡವಾಳ, ಮಾರಾಟ, ಉಳಿಕೆ ಎಂದು ಮೂರು ಕಲಮು ಬರೆಸಿ. ಆಗ ಒಂದು ತಪ್ಪು ತಪ್ಪದೆ ಕಾಣುತ್ತದೆ: ಹಿತ್ತಲ ಕರಿಬೇವು, ಮನೆಯ ತೆಂಗಿನಕಾಯಿಗೆ ಬಂಡವಾಳ ಸೊನ್ನೆ ಎಂದು ಬರೆದು ಪೂರ್ತಿ ಮಾರಾಟವನ್ನೇ ಲಾಭ ಎನ್ನುತ್ತಾರೆ. ಆ ಕಾಯಿಯನ್ನು ಅಮ್ಮ ಅಂಗಡಿಗೆ ಹಾಕಿದ್ದರೆ ಎಷ್ಟು ಬರುತ್ತಿತ್ತು ಎಂದು ಕೇಳಿ, ಆ ಮೊತ್ತವನ್ನು ಬಂಡವಾಳದ ಕಲಮಿಗೆ ಹಾಕಿಸಿ. ಅರ್ಧ ಅಂಗಡಿಗಳ ಲಾಭ ಅಲ್ಲೇ ಇಳಿಯುತ್ತದೆ.

ಗೋಡೆ ಪತ್ರಿಕೆ, ಕೈತೋಟ

ಗೋಡೆ ಪತ್ರಿಕೆ ಸೋಲುವುದು ಮೊದಲನೆಯದಾಗಿ ಜಾಗದಿಂದ. ಸ್ಟಾಫ್ ರೂಮಿನ ಹೊರಗೋಡೆಯಲ್ಲಿ ಹಾಕಿದರೆ ಮಕ್ಕಳು ಅಲ್ಲಿ ನಿಲ್ಲುವುದೇ ಇಲ್ಲ. ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲು ನಿಲ್ಲುವ ಕಡೆ ಹಾಕಿ, ಬೇಡವೆಂದರೂ ಓದುತ್ತಾರೆ. 22×28 ಇಂಚಿನ ಚಾರ್ಟ್ ಶೀಟನ್ನು ಉದ್ದಕ್ಕೆ ನಿಲ್ಲಿಸಿದರೆ ನಾಲ್ಕು ಎ4 ಹಾಳೆ ಕೂರುತ್ತವೆ, ಮೇಲೆ ನಾಲ್ಕು ಇಂಚು ಶೀರ್ಷಿಕೆಗೆ ಉಳಿಯುತ್ತದೆ. ಹಾಳೆಗೆ ಹದಿನೈದು ಸಾಲು, ನೂರು ಪದ. ಅದಕ್ಕಿಂತ ಹೆಚ್ಚು ತುರುಕಿದರೆ ಮೂರು ಅಡಿ ದೂರದಿಂದ ಅಕ್ಷರ ಕಾಣದು. ಬಾಲ್‌ಪೆನ್ ಬೇಡ, ಕಪ್ಪು ಸ್ಕೆಚ್ ಪೆನ್. ಗೋಂದು ಹಚ್ಚಿದರೆ ಮಳೆಗಾಲದ ತೇವಕ್ಕೆ ಹಾಳೆ ಸುರುಳಿ ಸುತ್ತುತ್ತದೆ, ಮೈದಾ ಅಂಟಿಗೆ ಜಿರಳೆ ಬರುತ್ತದೆ. ಥರ್ಮಾಕೋಲ್ ಹಲಗೆಗೆ ಗುಂಡುಪಿನ್ನು ಚುಚ್ಚುವುದೇ ವಾಸಿ, ಬದಲಿಸಲೂ ಸುಲಭ.

ಎರಡನೇ ಸೋಲು ವಿಷಯದ್ದು. ಬಿಟ್ಟರೆ ನುಡಿಮುತ್ತು, ಗಾದೆ, "ನಿಮಗಿದು ಗೊತ್ತೇ". ಎಲ್ಲ ಎಲ್ಲಿಂದಲೋ ಇಳಿಸಿದ್ದು. ಒಂದೇ ನಿಯಮ ಇಡಿ: ಊರೊಳಗೆ ವಿಚಾರಿಸಿ ತಿಳಿದದ್ದನ್ನು ಮಾತ್ರ ಬರೆಯಬೇಕು. ಹೊಲಗಳ ಹೆಸರುಗಳು, ಕೆರೆ ಯಾವ ವರ್ಷ ಕೋಡಿ ಬಿದ್ದಿತ್ತು, ಬೆಳಗಿನ ಬಸ್ಸಿನ ಕಂಡಕ್ಟರ್ ಎಷ್ಟಕ್ಕೆ ಏಳುತ್ತಾರೆ, ಈ ವಾರ ಟೊಮೆಟೊ ಎಷ್ಟಕ್ಕೆ ಹೋಯಿತು. ಹದಿನೈದು ದಿನಕ್ಕೊಂದು ಸಂಚಿಕೆ, ಪ್ರತಿ ಸಂಚಿಕೆಗೂ ಬೇರೆ ಐದು ಮಕ್ಕಳ ತಂಡ. ಕಾಗುಣಿತ ತಿದ್ದಿ, ವಾಕ್ಯ ತಿದ್ದಬೇಡಿ.

ಕೈತೋಟದ ವಿಷಯದಲ್ಲಿ ಆಸೆ ಅಳತೆಯಲ್ಲಿರಲಿ. ಬಿಸಿಯೂಟದ ಲೆಕ್ಕದಲ್ಲಿ ಈ ವಯಸ್ಸಿನ ಮಗುವಿಗೆ ದಿನಕ್ಕೆ 75 ಗ್ರಾಂ ತರಕಾರಿ, ನೂರು ಮಕ್ಕಳಿಗೆ ಏಳೂವರೆ ಕೆಜಿ. ಶಾಲೆಯ ಅಂಗಳ ಅಷ್ಟನ್ನು ದಿನಾ ಕೊಡಲಾರದು. ಹತ್ತಡಿ ಉದ್ದ ಮೂರಡಿ ಅಗಲದ ಮಡಿಯಲ್ಲಿ ಹರಿವೆ ಬಿತ್ತಿದರೆ 25-30 ದಿನಕ್ಕೆ ಮೂರು ಕೆಜಿ ಆಸುಪಾಸು ಸಿಗುತ್ತದೆ. ವಾರಕ್ಕೊಂದರಂತೆ ಬಿತ್ತಿದ ನಾಲ್ಕು ಮಡಿಗಳಿದ್ದರೆ ವಾರಕ್ಕೊಂದು ದಿನ ಸಾರಿಗೆ ತೋಟದ ಸೊಪ್ಪು. ಅಷ್ಟಾದರೆ ಗೆದ್ದಂತೆ. ನಾಲ್ಕನ್ನೂ ಒಂದೇ ದಿನ ಬಿತ್ತುವುದು ಎಲ್ಲರೂ ಮಾಡುವ ತಪ್ಪು. ಒಮ್ಮೆಲೇ ಹನ್ನೆರಡು ಕೆಜಿ ಬಂದು, ಆಮೇಲೆ ತಿಂಗಳು ಪೂರ್ತಿ ಬರಿನೆಲ.

ತಟ್ಟೆ ತೊಳೆದ ನೀರು ದಿನಕ್ಕೆ ನೂರೈವತ್ತು ಲೀಟರಿಗೆ ಕಡಿಮೆಯಿಲ್ಲ, ಅದನ್ನು ಬಾಳೆ, ನುಗ್ಗೆಯ ಬುಡಕ್ಕೆ ತಿರುಗಿಸಿ. ನೀರು ಹರಿದುಹೋಗುವ ಬಾಯಿಗೆ ಜಾಲರಿ ಕಟ್ಟದಿದ್ದರೆ ಅನ್ನದ ಅಗುಳು ಕಟ್ಟಿಕೊಂಡು ವಾರದಲ್ಲೇ ನಾತ. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ಸೊಪ್ಪಿನ ಮಡಿ ಒಣಗುವುದು ಖಚಿತ, ಅದಕ್ಕೆ ಬೇಸರ ಬೇಡ. ಬೇರು ಬಿಟ್ಟು ನಿಲ್ಲುವ ಕರಿಬೇವು, ನುಗ್ಗೆ ಮಾತ್ರ ಜೂನ್ ಮೊದಲ ಮಳೆಗೇ ನೆಟ್ಟಿರಬೇಕು. ವನಮಹೋತ್ಸವಕ್ಕೆ ಐವತ್ತು ಸಸಿ ನೆಟ್ಟು ಫೋಟೋ ತೆಗೆಸಿ ಆಡಿಗೆ ಮೇಯಿಸುವ ಬದಲು ಹತ್ತು ನೆಟ್ಟು ಹತ್ತಕ್ಕೂ ಬೇಲಿ ಕಟ್ಟಿ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಪ್ರೌಢಶಾಲೆಯ ಯುವ ಮತ್ತು ಇಕೋ ಕ್ಲಬ್ಬಿಗೆ ವರ್ಷಕ್ಕೆ ಗರಿಷ್ಠ 25 ಸಾವಿರ ಎಂದಿದೆ. ಬಂದರೆ ಬೇಲಿ, ಪೈಪು, ಸಲಿಕೆಗೆ ಹಾಕಿ. ಬರುತ್ತದೆಂದು ಕಾಯುತ್ತಾ ಕೂತರೆ ಬಿತ್ತನೆಯ ಹೊತ್ತು ಮೀರುತ್ತದೆ. ಬೀಜಕ್ಕೆ ನೂರು ರೂಪಾಯಿ ಸಾಕು, ಅದು ಸಂತೆಯ ಸುಂಕದಲ್ಲೇ ಹೊರಡುತ್ತದೆ.

ಕೊನೆಗೆ ಹತ್ತನೆಯವರ ಬೀಳ್ಕೊಡುಗೆಯ ಬಗ್ಗೆ ಎರಡೇ ಮಾತು. ಅದನ್ನು ಒಂಬತ್ತನೆಯವರು ನಡೆಸಬೇಕು, ತಲೆಗೆ ಐವತ್ತಕ್ಕಿಂತ ಹೆಚ್ಚು ವಂತಿಗೆ ಎತ್ತಬಾರದು. ಕೇಕು, ಡಿಜೆ, ಶಿಕ್ಷಕರಿಗೆ ಉಡುಗೊರೆ ಎಂದು ಶುರುವಾದರೆ ಮುನ್ನೂರು ದಾಟುತ್ತದೆ, ಕೊಡಲಾಗದವರು ಆ ದಿನ "ಜ್ವರ" ಎಂದು ಮನೆಯಲ್ಲಿ ಉಳಿಯುತ್ತಾರೆ. ಪಲಾವ್‌ಗೆ ತಲೆಗೆ ನೂರು ಗ್ರಾಂ ಅಕ್ಕಿ ಹಿಡಿದು 110 ಮಕ್ಕಳಿಗೆ ಹನ್ನೊಂದು ಕೆಜಿ, ಜೊತೆಗೊಂದು ಸಿಹಿ, ಅಲ್ಲಿಗೆ ಮುಗಿಸಿ.

ಅದೇ ದಿನ ಹಳೇ ಪ್ರಧಾನಿ ಉಪಪ್ರಧಾನಿಗೆ ಮೂರು ವಸ್ತು ಒಪ್ಪಿಸಬೇಕು: ಸುಂಕದ ಲೆಕ್ಕಪುಸ್ತಕ, ಉಳಿದ ಹಣ, ಸಂತೆಯ ನೋಂದಣಿ ಪಟ್ಟಿ. ಪಟ್ಟಿಯಲ್ಲಿ ಯಾವ ಅಂಗಡಿಯ ಸರಕು ಬೇಗ ಖಾಲಿಯಾಯಿತು, ಯಾವುದು ಉಳಿಯಿತು, ತಕ್ಕಡಿ ಯಾರ ಅಂಗಡಿಯದು ಎಂದು ಎದುರಿಗೆ ಬರೆದಿರಲಿ. ಇಬ್ಬರ ಸಹಿ, ಒಬ್ಬ ಶಿಕ್ಷಕರ ಸಹಿ, ದಿನಾಂಕ.